ಮೀಯಿಸುವ ಹೆಂಗಸರು

ನನ್ನ ಅತ್ತೆ ಘಜಾಲಾ ತೀರಿಕೊಳ್ಳುವ ಎರಡು ವರ್ಷ ಮುಂಚೆ, ಒಂದು ಗುರುವಾರ, ಅಂಗಳದಲ್ಲಿ ಕೂತು ಕುಸ್ಕುಸ್ ಮಾಡುವ ಗೋಧಿರವೆ ಜರಡಿ ಹಿಡಿಯುತ್ತಿದ್ದರು. ನಾನು ಸುಮ್ಮನಿರಲಾರದೆ ಕೇಳಿದೆ: "ಅತ್ತೆ, ಸತ್ತವರನ್ನ ಮೀಯಿಸೋ ಕೆಲಸಕ್ಕೆ ನೀವು ಹೇಗೆ ಸೇರಿದ್ರಿ?"

ಭಕ್ತಿಯ ಮಾತು ಏನಾದರೂ ಬರುತ್ತದೆ ಅಂದುಕೊಂಡಿದ್ದೆ. ಅವರು ಜರಡಿ ನಿಲ್ಲಿಸಲೂ ಇಲ್ಲ. "ಹೊಟ್ಟೆಕಿಚ್ಚಿಗೆ" ಎಂದರು.

ಆಮೇಲೆ ಸಂಜೆಯವರೆಗೆ ಹೇಳಿದರು. ಆ ಕಾಲಕ್ಕೆ ಅವರು ಯಾರ ಅತ್ತೆಯೂ ಅಲ್ಲ, ಮೂವತ್ತೈದರ ಹೆಂಗಸು. ನನ್ನ ಗಂಡನಾಗಬೇಕಾದವನು ಇನ್ನೂ ಅವರ ಸೆರಗು ಹಿಡಿದು ಓಡಾಡುವ ಮಗು. ಅದಕ್ಕೇ ಇಲ್ಲಿ ಅವರನ್ನು "ಅವಳು" ಎಂದೇ ಕರೆಯುತ್ತೇನೆ. ಅವರೂ ತಮ್ಮ ಕಥೆಯನ್ನು ಯಾರೋ ಬೇರೆ ಹೆಂಗಸಿನ ಕಥೆಯಂತೆಯೇ ಹೇಳಿದ್ದರು.

ದೊಡ್ಡ ಯುದ್ಧ ಮುಗಿದು ನಾಲ್ಕೈದು ವರ್ಷವಾಗಿತ್ತು. ಜೆರ್ಬಾ ದ್ವೀಪದ ನಮ್ಮ ಹಾರಾದಲ್ಲಿ, ಅಂದರೆ ಯಹೂದಿಗಳ ಕೇರಿಯಲ್ಲಿ, ಆಗ ಮನೆಮನೆಯಲ್ಲೂ ಜನ ತುಂಬಿದ್ದರು. ಘಜಾಲಾಳ ಗಂಡ ಖಮ್ಮೂಸ್ ಬೆಳ್ಳಿ ಕೆಲಸದವನು. ಅವನ ಕೈಯ ಕಡಗಕ್ಕೆ ದ್ವೀಪದ ಆಚೆಯಿಂದಲೂ ಗಿರಾಕಿ ಬರುತ್ತಿದ್ದರು. ಮನೆಯಲ್ಲಿ ಎಣ್ಣೆಗೆ, ಮೀನಿಗೆ, ಬಾದಾಮಿಗೆ ಕೊರತೆ ಇರಲಿಲ್ಲ. ಎರಡು ಮನೆ ಆಚೆ ಶ್ಮೀನಾ ಇದ್ದಳು. ಅವಳ ಗಂಡ ಉಣ್ಣೆ ಹಿಂಜುವವನು, ವರ್ಷವಿಡೀ ಕೆಮ್ಮುತ್ತಿದ್ದವನು. ಇಬ್ಬರು ಹೆಂಗಸರೂ ಮದುವೆಯಾಗಿ ಆ ಓಣಿಗೆ ಬಂದದ್ದು ಒಂದೇ ತಿಂಗಳಲ್ಲಿ. ಇಬ್ಬರಿಗೂ ಮೊದಲು ಹುಟ್ಟಿದ್ದು ಹೆಣ್ಣು.

ಆದರೆ ಶ್ಮೀನಾ ಎಲ್ಲಿ ಹೋದರೂ ಜನ ಎದ್ದು ಜಾಗ ಕೊಡುತ್ತಿದ್ದರು. ಕೇರಿಯಲ್ಲಿ ಹೆಂಗಸು ಯಾರೇ ಸತ್ತರೂ ಮೀಯಿಸಿ, ಬಿಳಿ ಬಟ್ಟೆ ತೊಡಿಸಿ ಕಳಿಸುವ ಆರೇಳು ಹೆಂಗಸರಿಗೆ ಅವಳೇ ಮುಂದಾಳು. ಒಂದು ದಿನ ತನ್ನ ತಾಯಿಯನ್ನು, ತನ್ನನ್ನು ಮುಟ್ಟುವ ಕೈ ಅದು ಎಂಬುದು ಎಲ್ಲರಿಗೂ ಗೊತ್ತು.

ಒಮ್ಮೆ ಯಾರದೋ ಮನೆಯಲ್ಲಿ ಮದುಮಗಳಿಗೆ ಮೆಹಂದಿ ಹಚ್ಚುವ ದಿನ. ಘಜಾಲಾ ಬೆಳಗ್ಗೆಯೇ ಬಾದಾಮಿ ಮಿಠಾಯಿಯ ದೊಡ್ಡ ತಟ್ಟೆ ಹೊರಿಸಿಕೊಂಡು ಹೋಗಿ, ಮದುಮಗಳ ಪಕ್ಕದ ದಿಂಬಿನ ಮೇಲೆ ಕೂತಿದ್ದಳು. ಹೊಸ ರೇಷ್ಮೆ, ಎರಡೂ ಕೈಗೆ ಕಡಗ. ಅಷ್ಟರಲ್ಲಿ ಶ್ಮೀನಾ ಬಾಗಿಲಿಗೆ ಬಂದಳು, ತೊಳೆದು ತೊಳೆದು ಬಣ್ಣಗೆಟ್ಟ ಮೇಲುಹೊದಿಕೆ ಹೊದ್ದು. ಮನೆಯೊಡತಿ ಓಡಿಬಂದಳು.

"ಘಜಾಲಾ, ಸ್ವಲ್ಪ ಸರ್ಕೊಳ್ತೀಯೇನಮ್ಮ? ಶ್ಮೀನಕ್ಕ ಬಂದ್ರು."

"ಯಾಕೆ, ಅವಳಿಗೆ ಕೂರೋಕೆ ನೆಲ ಇಲ್ವಾ?" ಎಂದಳು ಘಜಾಲಾ, ನಗುತ್ತಾ ಅಂದಂತೆ.

ಯಾರೂ ನಗಲಿಲ್ಲ. ಶ್ಮೀನಾ, "ಕೂತ್ಕೋ, ಕೂತ್ಕೋ, ನಂಗೆ ಬಾಗಿಲ ಹತ್ರ ಗಾಳಿ ಬರುತ್ತೆ" ಎಂದಳು. ಅದೇ ಹೆಚ್ಚು ಉರಿಸಿತು. ಜಗಳಕ್ಕೆ ಬಂದಿದ್ದರೆ ಗೆಲ್ಲಬಹುದಿತ್ತು. ಘಜಾಲಾ ಸರಿದಳು. ತಾನು ತಂದ ಮಿಠಾಯಿಯನ್ನೇ ಮೊದಲು ಶ್ಮೀನಾಳ ಕೈಗೆ ಕೊಟ್ಟದ್ದನ್ನು ಕಣ್ಣಾರೆ ನೋಡಿದಳು. ಆ ದಿನ ಮನೆಗೆ ಬಂದು, ಉಪ್ಪು ಜಾಸ್ತಿ ಎಂದು ಗಂಡನ ಮುಂದಿದ್ದ ಮೀನಿನ ತಟ್ಟೆ ಎತ್ತಿಕೊಂಡು ಹೋಗಿ ಬೆಕ್ಕಿಗೆ ಹಾಕಿದಳಂತೆ. ಅವನಿನ್ನೂ ಒಂದು ತುತ್ತೂ ತಿಂದಿರಲಿಲ್ಲ.

ಹೊಟ್ಟೆಕಿಚ್ಚು ಮಾತ್ರವಾಗಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಮಗಳು ಮಂತಾನಾ ಬೆಳೆಯುತ್ತಿದ್ದಳು. ಎಣ್ಣೆಗಾಣದ ಮನೆಯ ಕೂಕಾ ತನ್ನ ಮಗ ಪಿನ್ಹಾಸ್‌ಗೆ ಎರಡು ವರ್ಷದಲ್ಲಿ ಹೆಣ್ಣು ನೋಡುತ್ತೇನೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು. ಆ ಹುಡುಗನ ಮೇಲೆ ಘಜಾಲಾಳಿಗೆ ಮೊದಲಿನಿಂದ ಕಣ್ಣು. ಬಾವಿಯ ಹತ್ತಿರ ಸಿಕ್ಕಿದಾಗ ಸುತ್ತುಬಳಸಿ ಕೇಳಿದ್ದಕ್ಕೆ ಕೂಕಾ ಹೇಳಿದಳು: "ನಮ್ಮನೇಲಿ ದೇವರು ಕೊಟ್ಟಿದ್ದು ಸಾಕಷ್ಟಿದೆ ಕಣೇ. ಬೆಳ್ಳಿ ಬಂಗಾರ ಬೇಡ. ತಾಯಿ ಹೆಸರು ಚೆನ್ನಾಗಿರ್ಬೇಕು. ಹುಡುಗಿ ತಾಯೀನ ನೋಡಿ ತರ್ತೀನಿ ನಾನು."

ಘಜಾಲಾ ಆ ದಿನವೇ ನಿಶ್ಚಯಿಸಿದಳು. ಗಂಡನಿಗೆ ಹೇಳಿದಾಗ ಅವನು ಕೈಯಲ್ಲಿದ್ದ ಬೆಳ್ಳಿ ತಂತಿ ಕೆಳಗಿಟ್ಟು ನಕ್ಕ.

"ನೀನಾ? ಕೋಳಿ ಕೊಯ್ಯೋದನ್ನ ನೋಡಿದ್ರೆ ಮೂರು ದಿನ ಊಟ ಬಿಡ್ತೀಯ!"

"ಕಲೀತೀನಿ. ಉಣ್ಣೆಯವನ ಹೆಂಡ್ತಿ ಮಾಡೋದನ್ನ ನಾನು ಮಾಡಕ್ಕಾಗಲ್ವಾ?"

"ಓ, ಅಲ್ಲಿಗೆ ಬಂತಾ ಮಾತು" ಎಂದು ಅವನು ಮತ್ತೆ ತಂತಿ ಎತ್ತಿಕೊಂಡ.

ಶ್ಮೀನಾಳ ಬಾಗಿಲು ತಟ್ಟುವುದು ಎಲ್ಲಕ್ಕಿಂತ ಕಷ್ಟವಾಯಿತು. ಶ್ಮೀನಾ ಏನೂ ಕೇಳಲಿಲ್ಲ. ಯಾಕೆ, ಈಗ ಯಾಕೆ ಎನ್ನಲಿಲ್ಲ. "ಬಾ. ಮೊದಲು ಬಟ್ಟೆ ಹೊಲಿಯೋದು ಕಲಿ" ಎಂದು ಸೂಜಿ ಕೊಟ್ಟಳು. ಸತ್ತವರ ಬಟ್ಟೆಗೆ ಜೇಬು ಇಲ್ಲ, ದಾರಕ್ಕೆ ಗಂಟು ಇಲ್ಲ. ಘಜಾಲಾ ಹೊಲಿದ ಮೊದಲ ತೋಳಿನಲ್ಲಿ ಅಭ್ಯಾಸಬಲದಿಂದ ಗಂಟು ಬಿದ್ದಿತ್ತು. ಶ್ಮೀನಾ ಎಲ್ಲರ ಮುಂದೆ ಅದನ್ನು ಬಿಚ್ಚಿ ಮತ್ತೆ ಅವಳ ಮಡಿಲಿಗೇ ಹಾಕಿದಳು.

ಮೊದಲ ಸಲ ಮೀಯಿಸಲು ಹೋದದ್ದು ಮೀನು ಮಾರುವವನ ತಾಯಿಗೆ. ಘಜಾಲಾ ಬಿಸಿನೀರಿನ ಕೊಡ ಹಿಡಿದು ನಿಂತಳು, ಹೇಳಿಕೊಟ್ಟಂತೆ ಬಲಗಡೆಯಿಂದ ಹಾಕಿದಳು, ಮುಗಿದ ಮೇಲೆ ಹಿತ್ತಿಲ ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿದಳು. ಬಾಯಿ ತೊಳೆದುಕೊಂಡಳು. ನೇರ ಮನೆಗೆ ಹೋಗಿದ್ದರೆ ಐವತ್ತು ಹೆಜ್ಜೆ. ಅವಳು ಹೋಗಲಿಲ್ಲ. ಒದ್ದೆ ತೋಳುಗಳನ್ನು ಹಾಗೇ ಬಿಟ್ಟುಕೊಂಡು ಬಟ್ಟೆ ಅಂಗಡಿಗಳ ಮುಂದಿನಿಂದ, ಪ್ರಾರ್ಥನಾ ಮಂದಿರದ ಬಾಗಿಲ ಮುಂದಿನಿಂದ, ಕೂಕಾಳ ಎಣ್ಣೆಗಾಣದ ಮುಂದಿನಿಂದ ಸುತ್ತಿ ಮನೆ ಸೇರಿದಳು.

ಹೀಗೆ ಎರಡು ವರ್ಷ. ಸಬ್ಬತ್ ಎಂಬ ಶನಿವಾರದ ವಿಶ್ರಾಂತಿಯ ದಿನದ ರೊಟ್ಟಿಯನ್ನು ಬಡವರ ಮನೆಗೆ ಕಳಿಸುವಾಗ ಮುಚ್ಚದ ಬುಟ್ಟಿಯಲ್ಲಿ ಕಳಿಸಿದಳು. ಶುಕ್ರವಾರ ಸಂಜೆ ದೀಪ ಹಚ್ಚುವಾಗ ಕಿಟಕಿ ತೆರೆದಿಟ್ಟಳು. ಮೀಯಿಸುವಾಗ ಹೇಳುವ ವಾಕ್ಯಗಳನ್ನು ಬಾಯಿಪಾಠ ಮಾಡಿ, ಉಳಿದವರಿಗಿಂತ ಗಟ್ಟಿಯಾಗಿ ಹೇಳಿದಳು. ಒಮ್ಮೆ ಶ್ಮೀನಾ ಅವಳ ಮೊಣಕೈ ಮುಟ್ಟಿ, "ಮೆಲ್ಲಗೆ ಕಣೇ. ಇವರಿಗೆ ಕಿವುಡು ಇಲ್ಲ" ಎಂದಳು. ಉಳಿದ ಹೆಂಗಸರು ತಲೆ ತಗ್ಗಿಸಿ ತುಟಿ ಕಚ್ಚಿದ್ದು ಘಜಾಲಾಳಿಗೆ ಕಂಡಿತು.

ಹೆಸರೇನೋ ಬಂತು. ಜನ "ಘಜಾಲಕ್ಕ" ಎನ್ನತೊಡಗಿದರು. ಅಷ್ಟಿದ್ದರೂ ಶ್ಮೀನಾ ಬಂದರೆ ಎದ್ದು ನಿಲ್ಲುತ್ತಿದ್ದರು, ಘಜಾಲಾ ಬಂದರೆ ಸರಿದು ಕೂರುತ್ತಿದ್ದರು. ಆ ವ್ಯತ್ಯಾಸವನ್ನು ಅವಳು ಒಂದು ಸಲವೂ ತಪ್ಪದೆ ಗಮನಿಸಿದಳು. ಶ್ಮೀನಾಳ ಕಾಲಿಗೆ ಮುಳ್ಳು ಚುಚ್ಚಿ ಎರಡು ವಾರ ಮನೆಯಲ್ಲಿ ಮಲಗಿದಾಗ ಘಜಾಲಾಳಿಗೆ ಒಳಗೊಳಗೇ ಹಬ್ಬ. ಆ ಎರಡು ವಾರದಲ್ಲಿ ಕೇರಿಯಲ್ಲಿ ಒಬ್ಬಳೂ ಸಾಯಲಿಲ್ಲ.

ಅದೇ ವರ್ಷ ಪಸ್ಕ ಹಬ್ಬ ಕಳೆದ ಮೇಲೆ ಕೂಕಾ ಸಿಹಿಯ ತಟ್ಟೆ ಹಿಡಿದು ಓಣಿಗೆ ಬಂದಳು. ಘಜಾಲಾ ಕಿಟಕಿಯಿಂದ ನೋಡಿ, ಸೆರಗು ಸರಿಮಾಡಿಕೊಂಡು, ಮಂತಾನಾಳಿಗೆ ಒಳಗೆ ಹೋಗಿ ತಲೆ ಬಾಚಿಕೋ ಎಂದಳು. ಕೂಕಾ ಅವಳ ಬಾಗಿಲು ದಾಟಿ ಮುಂದೆ ಹೋದಳು. ಎರಡು ಮನೆ ಆಚೆಯಿಂದ ಹೆಂಗಸರು ನಾಲಿಗೆ ಹೊರಳಿಸಿ ಕೂಗುವ ಹರ್ಷದ ಕೂಗು ಕೇಳಿಸಿತು. ಪಿನ್ಹಾಸ್‌ಗೆ ಶ್ಮೀನಾಳ ಮಗಳು ಫೊರ್ತೂನಾ ನಿಶ್ಚಯವಾಗಿದ್ದಳು.

"ಅಮ್ಮ, ಬಾಚ್ಕೊಂಡಾಯ್ತು" ಎಂದು ಮಂತಾನಾ ಹೊರಗೆ ಬಂದಾಗ ಘಜಾಲಾ ಅವಳ ಕಡೆ ನೋಡಲಿಲ್ಲ.

ಮಾರನೆಯ ದಿನ ಅವಳು ಕೇರಿಯ ಧರ್ಮಗುರು ರಬ್ಬಿ ಸಾಸಿಯ ಮನೆಗೆ ಹೋದಳು. ರಬ್ಬಿಗೆ ಎಂಬತ್ತು ದಾಟಿತ್ತು, ಒಂದು ಕಣ್ಣು ಹೋಗಿತ್ತು. ಅಂಗಳದ ದಾಳಿಂಬೆ ಗಿಡದ ಬುಡದಲ್ಲಿ ಕೂತು ಉಪ್ಪಿನ ಆಲಿವ್ ತಿನ್ನುತ್ತಿದ್ದರು.

"ನಾನು ಮೀಯಿಸೋದು ಬಿಟ್ಟೆ ರಬ್ಬಿ. ಹೇಳಿ ಹೋಗೋಣ ಅಂತ ಬಂದೆ."

"ಮೈ ಹುಷಾರಿಲ್ವಾ ಮಗಳೇ?"

"ಮೈ ಚೆನ್ನಾಗಿದೆ." ಅವಳಿಗೆ ಸಿಟ್ಟಿನಲ್ಲಿ ನಿಜವೇ ಬಾಯಿಗೆ ಬಂತು. "ನಾನು ದೇವರಿಗೋಸ್ಕರ ಮಾಡಿದ್ದಲ್ಲ. ನನ್ನ ಮಗಳಿಗೆ ಒಳ್ಳೆ ಮನೆ ಸಿಗ್ಲಿ ಅಂತ ಮಾಡಿದ್ದು. ಶ್ಮೀನಾಗೆ ಸಿಗೋ ಮರ್ಯಾದೆ ನಂಗೂ ಸಿಗ್ಲಿ ಅಂತ. ಎರಡೂ ಸಿಗ್ಲಿಲ್ಲ. ಇನ್ನು ಯಾಕೆ ಮಾಡ್ಲಿ? ದೇವರಿಗೆ ಮೋಸ ಮಾಡ್ದಂಗಾಗಲ್ವಾ?"

ರಬ್ಬಿ ಆಲಿವ್ ಬೀಜ ಉಗುಳಿದರು. "ಮೋಸ ಎಲ್ಲಿ ಬಂತು? ಇಡೀ ಕೇರಿಗೇ ಗೊತ್ತು. ಒದ್ದೆ ತೋಳು ಬಿಟ್ಕೊಂಡು ಎಣ್ಣೆಗಾಣದ ಮುಂದೆ ಹೋಗ್ತಿದ್ದೆಯಲ್ಲ, ಒಂದೇ ಕಣ್ಣಿರೋ ನಂಗೂ ಕಾಣ್ತಿತ್ತು. ಕೂಕಾಗೆ ಕಾಣಲ್ವಾ?"

ಘಜಾಲಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಗೊತ್ತಿದ್ದೂ ನೀವ್ಯಾರೂ ಬೇಡ ಅನ್ಲಿಲ್ವಲ್ಲ!"

"ಸತ್ತವರ ಮೈಮೇಲೆ ನೀರು ಬೀಳ್ತಿತ್ತಲ್ಲಮ್ಮ. ಆ ನೀರೇನು ತಣ್ಣಗಿತ್ತಾ? ಹೊಲಿಗೆ ಬಿಚ್ಚೋಯ್ತಾ? ಶ್ಮೀನಾ ಹೇಳಿದ್ಲು, ನಿನ್ನಷ್ಟು ಚೆನ್ನಾಗಿ ತಲೆ ಬಾಚೋರು ಅವರಲ್ಲಿ ಯಾರೂ ಇಲ್ಲವಂತೆ."

"ಅವಳು ಹೇಳಿದ್ಲಾ?" ಅದೂ ಚುಚ್ಚಿತು. ಹೊಗಳುವುದರಲ್ಲೂ ಅವಳೇ ಮುಂದೆ.

"ನೋಡು, ಕೈ ಮುಂದೆ ನಡೀಲಿ. ಮನಸ್ಸು ಕುಂಟ್ಕೊಂಡು ಹಿಂದೆ ಬರುತ್ತೆ. ಅದು ಬರ್ಲಿ ಅಂತ ಕಾಯ್ತಾ ಕೂತ್ರೆ ಕೇರೀಲಿ ಒಂದು ಹೆಣಾನೂ ಏಳಲ್ಲ. ಹೊಟ್ಟೆಕಿಚ್ಚಿಗೇ ಮಾಡು. ಆದ್ರೆ ಮಾಡು."

"ಮನಸ್ಸು ಬರದೇ ಇದ್ರೆ?"

"ಬರದೇ ಇದ್ರೂ ಸತ್ತವರಂತೂ ಚೊಕ್ಕಟವಾಗಿ ಹೋಗ್ತಾರಲ್ಲ" ಎಂದು ರಬ್ಬಿ ಆಲಿವ್ ಬಟ್ಟಲನ್ನು ಅವಳ ಕಡೆ ತಳ್ಳಿದರು. ಅವಳು ಮುಟ್ಟದೆ ಎದ್ದು ಬಂದಳು. ಒಪ್ಪಿಕೊಂಡು ಬಂದಳು ಎಂದು ಯಾರೂ ತಿಳಿಯಬೇಡಿ. ಮುದುಕ ತನ್ನ ಮಾನ ಕಳೆದ ಎಂದು ದಾರಿಯುದ್ದಕ್ಕೂ ಬೈದುಕೊಂಡೇ ಬಂದಳು.

ಫೊರ್ತೂನಾಳ ಮದುವೆಯ ದಿನ ಬುಧವಾರ. ಘಜಾಲಾ ಹೋಗದಿರುವಂತಿರಲಿಲ್ಲ. ಹೋಗದಿದ್ದರೆ ಜನಕ್ಕೆ ಮಾತು ಸಿಗುತ್ತದೆ. ಗಂಡನ ಕೈಯಲ್ಲಿ ಒಂದು ಜೊತೆ ಬೆಳ್ಳಿ ಕಾಲುಗಡಗ ಮಾಡಿಸಿದ್ದಳು, ಎಲ್ಲರ ಉಡುಗೊರೆಗಿಂತ ಭಾರವಾದದ್ದು. ಅದನ್ನು ಶ್ಮೀನಾಳ ಕೈಗೇ ಇಟ್ಟು, ನಗುತ್ತಾ ಹರಸಿ ಬರಬೇಕು ಎಂದು ಕನ್ನಡಿ ಮುಂದೆ ನಗುವನ್ನೂ ನೋಡಿಕೊಂಡಿದ್ದಳು. ಬೆಳಗ್ಗೆ ರೇಷ್ಮೆ ಉಟ್ಟು ಹೊರಡುವ ಹೊತ್ತಿಗೆ ಮಂದಿರದ ಸೇವಕ ಮಖ್ಲೂಫ್ ಬಾಗಿಲಿಗೆ ಬಂದ.

"ಘಜಾಲಕ್ಕ, ಅಜೀಜಾ ಹೋಗ್ಬಿಟ್ಲು."

ಅಜೀಜಾ ಕೇರಿಯ ಅಂಚಿನಲ್ಲಿ, ಇದ್ದಿಲು ಮಾರುತ್ತಾ ಒಬ್ಬಳೇ ಇದ್ದವಳು. ನೆಂಟರಿಲ್ಲ, ಮಕ್ಕಳಿಲ್ಲ. ಬಾಯಿ ಬಹಳ ಕೆಟ್ಟದ್ದು. ಬಾವಿಯ ಹತ್ತಿರ ಅವಳ ಬೈಗುಳ ತಿನ್ನದವರೇ ಇರಲಿಲ್ಲ. ಎರಡು ವರ್ಷದಿಂದ ಕಾಲಲ್ಲಿ ಮಾಯದ ಹುಣ್ಣು, ಹತ್ತಿರ ಹೋದರೆ ವಾಸನೆ. ಅಂಟುತ್ತದೆಂಬ ಹೆದರಿಕೆಯಿಂದ ಇದ್ದಿಲನ್ನೂ ಜನ ಬೇರೆ ಕಡೆ ತರತೊಡಗಿದ್ದರು.

"ಉಳಿದವರೆಲ್ಲಿ?" ಎಂದಳು ಘಜಾಲಾ.

"ಇಬ್ಬರು ಹೋದ ತಿಂಗಳ ಹಡಗಲ್ಲಿ ನಮ್ಮೋರ ಹೊಸ ದೇಶಕ್ಕೆ ಹೊರಟೋದ್ರಲ್ಲ. ಒಬ್ಬಳು ಬಸುರಿ, ಇನ್ನಿಬ್ಬರು ಹುಣ್ಣು ಅಂದ ತಕ್ಷಣ ಬಾಗ್ಲು ಹಾಕ್ಕೊಂಡ್ರು. ತೀತಜ್ಜಿ ಒಬ್ಬಳು ಬಂದಿದ್ದಾಳೆ, ಅವಳ ಕೈ ನಡುಗುತ್ತೆ. ಸಂಜೆಯೊಳಗೆ ಮಣ್ಣಾಗ್ಬೇಕು. ರಬ್ಬಿ ಹೇಳಿದ್ದಾರೆ, ಮದುವೆ ಮನೆಗೆ ಸುದ್ದಿ ಹೋಗೋದು ಬೇಡ, ಸಂತೋಷ ಕೆಡಿಸೋದು ಬೇಡ ಅಂತ. ಯಾರಿಗೂ ಹೇಳೋ ಹಾಗಿಲ್ಲ."

ಯಾರಿಗೂ ಹೇಳುವ ಹಾಗಿಲ್ಲ. ಘಜಾಲಾ ತನ್ನ ರೇಷ್ಮೆ ನೋಡಿಕೊಂಡಳು. "ನನ್ನ ಕೈಲಾಗಲ್ಲ ಮಖ್ಲೂಫ್. ನಾನು ಬಿಟ್ಟಿದ್ದೀನಿ. ರಬ್ಬಿಗೇ ಹೇಳಿದ್ದೀನಿ."

ಮಖ್ಲೂಫ್ ನಿಟ್ಟುಸಿರು ಬಿಟ್ಟ. "ಸರಿ ಹಾಗಾದ್ರೆ. ವಿಧಿಯಿಲ್ಲ, ಶ್ಮೀನಕ್ಕನ್ನೇ ಕರೀಬೇಕು."

ಘಜಾಲಾಳಿಗೆ ಎಲ್ಲವೂ ಕಣ್ಣಿಗೆ ಕಟ್ಟಿದಂತೆ ಕಂಡಿತು. ಶ್ಮೀನಾ ಖಂಡಿತ ಬರುತ್ತಾಳೆ. ಮಗಳ ಮದುವೆಯ ದಿನ, ಸಿಂಗಾರ ಬಿಟ್ಟು, ಹುಣ್ಣಿನ ಮುದುಕಿಯನ್ನು ಮೀಯಿಸಲು ಎದ್ದು ಬರುತ್ತಾಳೆ. ಆಮೇಲೆ ಕೇರಿ ಇರುವವರೆಗೂ ಆ ಕಥೆ ಹೇಳುತ್ತಾರೆ. ತಾಯಂದಿರು ಮಕ್ಕಳಿಗೆ ಹೇಳುತ್ತಾರೆ. ಅವಳ ಸಮಕ್ಕೆ ಇನ್ನು ಯಾರೂ ಏರುವಂತಿಲ್ಲ.

"ಬೇಡ. ಅವಳನ್ನ ಕರೀಬೇಡ. ನಾನು ಬಂದೆ" ಎಂದು ರೇಷ್ಮೆ ಬಿಚ್ಚಲು ಒಳಗೆ ಓಡಿದಳು.

"ನೋಡು, ಎಂಥ ಮನಸ್ಸಿಂದ ಹೋದೆ" ಎಂದು ಅತ್ತೆ ನನಗೆ ಹೇಳುವಾಗ ಜರಡಿ ಪಕ್ಕಕ್ಕಿಟ್ಟಿದ್ದರು. "ಅವಳಿಗೆ ಒಳ್ಳೆಯದು ಮಾಡೋ ಅವಕಾಶಾನೂ ಸಿಗ್ಬಾರ್ದು ಅಂತ ಹೋದೆ."

ಅಜೀಜಾಳ ಮನೆ ಎಂದರೆ ಒಂದೇ ಕೋಣೆ, ಗೋಡೆಯೆಲ್ಲ ಇದ್ದಿಲಿನ ಮಸಿ. ತೀತಜ್ಜಿ ಒಲೆ ಹಚ್ಚಿ ನೀರಿಟ್ಟಿದ್ದಳು. ಬಾಗಿಲು ಮುಚ್ಚಿದರೂ ಶ್ಮೀನಾಳ ಮನೆಯ ಕಡೆಯಿಂದ ಮದುವೆಯ ಡೋಲು ದರ್ಬುಕದ ಬಡಿತ ಕೇಳುತ್ತಿತ್ತು. ಮೀಯಿಸುವ ಮೊದಲು ಸತ್ತವಳ ಕ್ಷಮೆ ಕೇಳಬೇಕು, ಅವಳ ಹೆಸರು, ಅವಳ ತಾಯಿಯ ಹೆಸರು ಹಿಡಿದು.

"ಇವಳ ತಾಯಿ ಹೆಸರೇನು ಅಜ್ಜಿ?"

ತೀತಜ್ಜಿ ಯೋಚಿಸಿದಳು. "ಗೊತ್ತಿಲ್ಲ. ಆಚೆ ದಂಡೆಯಿಂದ ಬಂದವಳು ಅಂತಿದ್ರು. ಹೆಸರು ಗೊತ್ತಿಲ್ಲ ಅಂದ್ರೆ ಸಾರಾಳ ಮಗಳು ಅನ್ನಬೇಕು. ನಮ್ಮೆಲ್ಲರ ಮೂಲತಾಯಿ."

ಘಜಾಲಾ ಅಜೀಜಾಳ ಮುಖದ ಕಡೆ ಬಗ್ಗಿದಳು. ಹದಿನೆಂಟು ವರ್ಷ ಒಂದೇ ಬಾವಿಯಲ್ಲಿ ನೀರು ಸೇದಿದ್ದರು. ಅಜೀಜಾಳ ಒಂದೊಂದು ಬೈಗುಳವೂ ಅವಳಿಗೆ ನೆನಪಿತ್ತು. ಒಂದು ಸಲ ಅವಳು, "ಬೆಳ್ಳಿಯವನ ಹೆಂಡ್ತಿ, ಕಡಗ ಬಾವಿಗೆ ಬಿದ್ದಾತು, ಜೊತೆಗೆ ನೀನೂ ಬೀಳು" ಎಂದು ಕೂಗಿ ಎಲ್ಲರನ್ನೂ ನಗಿಸಿದ್ದೂ ನೆನಪಿತ್ತು. ಆದರೆ ನಿನ್ನ ತಾಯಿ ಯಾರು ಎಂದು ಒಂದು ದಿನ ಕೇಳಿರಲಿಲ್ಲ.

"ಅಜೀಜಾ, ಸಾರಾಳ ಮಗಳೇ" ಎಂದಳು ಮೆಲ್ಲಗೆ. "ನಾವೇನಾದ್ರೂ ತಪ್ಪು ಮಾಡಿದ್ರೆ ಮನಸ್ಸಿಗೆ ಹಾಕ್ಕೋಬೇಡ. ನಿನ್ನ ಮರ್ಯಾದೆಗೋಸ್ಕರವೇ ಮಾಡ್ತಾ ಇದ್ದೀವಿ." ಆ ವಾಕ್ಯವನ್ನು ಎರಡು ವರ್ಷದಲ್ಲಿ ಎಷ್ಟೋ ಸಲ ಹೇಳಿದ್ದಳು. ಇವತ್ತು ಹೇಳಿ ಮುಗಿಸುವಷ್ಟರಲ್ಲಿ ಮುಖ ಬಿಸಿಯಾಯಿತು. ಇದರಲ್ಲಿ ಒಂದಕ್ಷರವೂ ನಿಜವಲ್ಲ, ಎದುರಿಗೆ ಮಲಗಿರುವವಳಿಗೆ ಅದು ಗೊತ್ತು ಎನ್ನಿಸಿತು.

ಹುಣ್ಣಿಗೆ ಸುತ್ತಿದ್ದ ಚಿಂದಿ ಚರ್ಮಕ್ಕೆ ಅಂಟಿಕೊಂಡಿತ್ತು. ಎಳೆಯುವ ಹಾಗಿರಲಿಲ್ಲ. ಘಜಾಲಾ ಉಗುರುಬೆಚ್ಚಗಿನ ನೀರು ಹನಿಸಿ ಹನಿಸಿ ಎಳೆಎಳೆಯಾಗಿ ಬಿಡಿಸಿದಳು. ತಲೆ ಆಚೆ ತಿರುಗಿಸಿ ಉಸಿರೆಳೆದುಕೊಂಡು ಮತ್ತೆ ಬಗ್ಗಿದಳು. ಉಗುರಿನ ಸಂದಿಯ ಇದ್ದಿಲನ್ನು ಕಡ್ಡಿಯಿಂದ ತೆಗೆದಳು. ಕೂದಲು ಜಡೆಗಟ್ಟಿ ಒಂದೇ ಮುದ್ದೆಯಾಗಿತ್ತು. ತೀತಜ್ಜಿ, "ಇಷ್ಟು ಸಾಕು ಬಿಡೇ, ಮೇಲೆ ಬಟ್ಟೆ ಬರುತ್ತಲ್ಲ, ಯಾರು ನೋಡ್ತಾರೆ" ಎಂದಳು.

"ಬಾಚ್ತೀನಿ ಇರಿ ಅಜ್ಜಿ."

ಮನೆಯಲ್ಲಿದ್ದ ಎಣ್ಣೆಯನ್ನೆಲ್ಲ ಹಚ್ಚಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಲ್ಲೇ ಗಂಟು ಬಿಡಿಸಿದಳು. ಮಂತಾನಾಳ ಕೂದಲು ಬಿಡಿಸುವಾಗ ಮಾಡುವಂತೆ ಅರಿವಿಲ್ಲದೆ ಮಾತಾಡುತ್ತಿದ್ದಳು. "ಇರು ಇರು, ನೋವಾಗಲ್ಲ, ಇನ್ನೊಂದೇ ಇದೆ" ಎನ್ನುತ್ತಿದ್ದಳು. ಬಾಚಿ ಮುಗಿದಾಗ ಆ ಮುದುಕಿಯ ಕೂದಲು ಸೊಂಟದವರೆಗೆ ಇದ್ದದ್ದು ಕಂಡಿತು, ಬೆಳ್ಳಗೆ, ನುಣುಪಾಗಿ. ಯಾವ ಕಾಲದಲ್ಲೋ ಯಾರೋ ಇವಳ ತಲೆ ಬಾಚಿ ಹೊಗಳಿರಬೇಕು. ಘಜಾಲಾ ಅತ್ತಳು. ತೀತಜ್ಜಿ ಅವಳ ಕಡೆ ನೋಡದೆ ಕೊಡ ತುಂಬಿಸುತ್ತಾ ನಿಂತಳು. ಆಮೇಲೆ ಇಬ್ಬರೂ ಸೇರಿ ನೀರಿನ ಧಾರೆ ಕಡಿಯದಂತೆ ಹಾಕಿ, ಒರೆಸಿ, ಬಿಳಿ ಬಟ್ಟೆ ತೊಡಿಸಿದರು. ಮೂಲೆಯಲ್ಲಿ ಬಿದ್ದಿದ್ದ ಒಂದೊಂದು ಚಿಂದಿಯನ್ನೂ ಘಜಾಲಾ ಆಯ್ದು ಕಟ್ಟಿದಳು.

ಬಾಗಿಲು ತೆರೆದಾಗ ಬಿಸಿಲು ಓಣಿಯ ಆಚೆ ಗೋಡೆ ಏರಿತ್ತು. ಮಖ್ಲೂಫ್ ಮತ್ತು ಮದುವೆ ಬಿಟ್ಟು ಸದ್ದಿಲ್ಲದೆ ಬಂದಿದ್ದ ಹತ್ತು ಜನ ಗಂಡಸರು ಅವಳನ್ನು ಎತ್ತಿಕೊಂಡು ಹೋದರು. ಕೈ ತೊಳೆದುಕೊಂಡು ಮನೆಯ ಕಡೆ ನಡೆಯುವಾಗ ದರ್ಬುಕ ಮತ್ತೆ ಕಿವಿಗೆ ಬಿತ್ತು. ಅದು ನಿಂತೇ ಇರಲಿಲ್ಲ. ತನಗೆ ಇಷ್ಟು ಹೊತ್ತು ಕೇಳಿರಲಿಲ್ಲ ಅಷ್ಟೆ. ಶ್ಮೀನಾ ಎಂಬ ಹೆಸರೂ ಕೆಲಸಕ್ಕೆ ಕೈ ಹಚ್ಚಿದ ಮೇಲೆ ತಲೆಗೆ ಬಂದಿರಲಿಲ್ಲ. ಎಷ್ಟೋ ವರ್ಷದಿಂದ ಕಾಲಿಗೆ ಕಟ್ಟಿದ್ದ ಕಲ್ಲು ಬಿಚ್ಚಿ ನಡೆದಂತೆ ಇತ್ತು, ಓಣಿಯ ತಿರುವಿನವರೆಗೆ. ತಿರುವಿನಲ್ಲಿ ಮದುವೆ ಮನೆಯ ಹೂವಿನ ಬಾಗಿಲು ಕಂಡ ಕೂಡಲೇ ಕಲ್ಲು ಮತ್ತೆ ಬಂದು ಕಟ್ಟಿಕೊಂಡಿತು.

ಮೈ ತೊಳೆದು ರೇಷ್ಮೆ ಉಟ್ಟು, ಕಾಲುಗಡಗ ಹಿಡಿದು ಹೋಗುವ ಹೊತ್ತಿಗೆ ಊಟ ಮುಗಿದಿತ್ತು. ಹೆಂಗಸರ ಗುಂಪಿನಲ್ಲಿ ಕೂಕಾ ಮಿಠಾಯಿ ಹಂಚುವವಳಂತೆ ನಗು ಹಂಚುತ್ತಾ ಕೂತಿದ್ದಳು.

"ಓಹೋ, ಈಗ ಬಂದ್ರಾ? ಬೆಳಗ್ಗಿಂದ ಎಲ್ಲಿದ್ರಿ ಘಜಾಲಕ್ಕ? ಹೊಟ್ಟೆ ನೋವೇನೋ!"

"ಹೊಟ್ಟೆ ನೋವಲ್ಲ, ಹೊಟ್ಟೆ ಉರಿ" ಎಂದು ಯಾರೋ ಹಿಂದಿನಿಂದ ಸೇರಿಸಿದರು. ಗೊಳ್ಳೆಂದು ನಕ್ಕರು.

ಒಂದು ಮಾತು ಸಾಕಿತ್ತು. "ಅಜೀಜಾಳನ್ನ ಮೀಯಿಸ್ತಿದ್ದೆ" ಎಂದರೆ ಕೂಕಾಳ ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಶ್ಮೀನಾ ಕೂಡ. ಹದಿನೆಂಟು ವರ್ಷ ಕಾದ ಗಳಿಗೆ ನಾಲಿಗೆಯ ತುದಿಯಲ್ಲಿತ್ತು. ರಬ್ಬಿಯ ಕಟ್ಟಪ್ಪಣೆ ಅವಳನ್ನು ತಡೆಯುತ್ತಿತ್ತು ಎಂದಲ್ಲ. ಅಂಥ ಎಷ್ಟೋ ಅಪ್ಪಣೆ ಮೀರಿದವಳು ಅವಳು.

"ಹೇಳಿದ್ರೆ ಆ ಮುದುಕಿ ನನ್ನ ಕೈಗೆ ಇನ್ನೊಂದು ಕಡಗ ಆಗ್ಬಿಡ್ತಿದ್ಲು" ಎಂದರು ಅತ್ತೆ. "ತೊಡೆ ಮೇಲೆ ಅವಳ ತಲೆ ಇನ್ನೂ ಭಾರವಾಗಿತ್ತು ಕಣೆ. ಹೇಗೆ ಹೇಳ್ಲಿ?"

"ಹೂಂ, ಹೊಟ್ಟೆ ಉರಿನೇ" ಎಂದು ಘಜಾಲಾ ಕಾಲುಗಡಗವನ್ನು ಮದುಮಗಳ ಮಡಿಲಲ್ಲಿಟ್ಟು, ಖಾಲಿ ಇದ್ದ ಕಡೆ ನೆಲದ ಮೇಲೆ ಕೂತಳು. ತಟ್ಟೆಯಲ್ಲಿ ತಣ್ಣಗಾದ ಕುಸ್ಕುಸ್ ಬಂತು. ತಿಂದಳು. ಬಹಳ ಹಸಿವಾಗಿತ್ತು.

ಮದುವೆಯ ಏಳು ದಿನ ಕಳೆದ ಮೇಲೆ ಶ್ಮೀನಾ ಬಂದಳು. ತೀತಜ್ಜಿ ಅವಳಿಗೆ ಹೇಳಿದ್ದಳು. ಹೊಸಿಲ ಮೇಲೇ ನಿಂತು ಕೇಳಿದಳು: "ನನ್ನ ಯಾಕೆ ಕರೀಲಿಲ್ಲ?"

"ಮದುವೆ ಮನೆ ಸಂತೋಷ ಕೆಡಿಸೋದು ಬೇಡ ಅಂತ..."

"ಅದು ಮಖ್ಲೂಫ್ ಹೇಳೋ ಮಾತು. ನೀನು ಹೇಳು."

ಘಜಾಲಾ ಅವಳ ಮುಖ ನೋಡಿದಳು. "ನೀನು ಬಂದ್ರೆ ಇನ್ನೂ ದೊಡ್ಡೋಳಾಗ್ತೀಯ ಅಂತ. ನಂಗೆ ತಡ್ಕೊಳ್ಳೋಕಾಗಲ್ಲ ಅಂತ."

ಶ್ಮೀನಾ ಒಳಗೆ ಬಂದು ಕೂತಳು. ನಗಲಿಲ್ಲ, ಬೈಯಲೂ ಇಲ್ಲ. "ನಾನು ಎಣ್ಣೆಗೆ ಸೇರಿದ್ದು" ಎಂದಳು.

"ಏನೆಣ್ಣೆ?"

"ಮೀಯಿಸೋರಿಗೆ ಹಬ್ಬಕ್ಕೊಂದು ಜಾಡಿ ಎಣ್ಣೆ ಕೊಡ್ತಿದ್ರಲ್ಲ ಮುಂಚೆ. ನಮ್ಮವರಿಗೆ ಕೆಮ್ಮು ಶುರುವಾದ ವರ್ಷ ಮನೇಲಿ ದೀಪಕ್ಕೂ ಎಣ್ಣೆ ಇರ್ಲಿಲ್ಲ. ಯಾರಾದ್ರೂ ಬೇಗ ಸಾಯ್ಲಿ ಅಂತ ಕಾಯ್ತಿದ್ದೆ. ಆ ಎಣ್ಣೆ ಕೊಡೋದು ನಿಂತು ಎಷ್ಟು ವರ್ಷ ಆಯ್ತೋ. ನಿಂತಿದ್ದು ಯಾವಾಗ ಅಂತಾನೇ ನಂಗೆ ನೆನಪಿಲ್ಲ." ಎದ್ದು ಹೊರಡುವಾಗ ತಿರುಗಿ, "ಅವಳ ಕೂದಲು ಸೊಂಟದವರೆಗಿತ್ತಂತೆ, ಹೌದಾ? ತಲೆಗೆ ಯಾವಾಗ್ಲೂ ಚಿಂದಿ ಸುತ್ಕೊಂಡಿರ್ತಿದ್ಲು. ನಾನೂ ನೋಡ್ಲಿಲ್ಲ" ಎಂದಳು.

ಇಲ್ಲಿಂದ ಮುಂದೆ ಅತ್ತೆ ಸಂತರಾದರು ಎಂದು ನಾನು ಬರೆದರೆ ಅವರೇ ಸಮಾಧಿಯಿಂದ ಎದ್ದು ಬರುತ್ತಾರೆ. ಫೊರ್ತೂನಾ ಅವಳಿ ಗಂಡುಮಕ್ಕಳನ್ನು ಹೆತ್ತಾಗ ಇವರು ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲವಂತೆ. ಮಂತಾನಾಳಿಗೆ ಒಬ್ಬ ದರ್ಜಿಯ ಸಂಬಂಧ ಬಂತು, ಒಳ್ಳೆಯ ಹುಡುಗ, ಎಣ್ಣೆಗಾಣದ ಮನೆಯಷ್ಟೇನೂ ಅಲ್ಲ. ಆದರೆ ಮೀಯಿಸಲು ಕರೆ ಬಂದರೆ ಉರಿಯುವ ಒಲೆಯನ್ನು ಹಾಗೇ ಬಿಟ್ಟು ಹೋಗುತ್ತಿದ್ದರು. ಯಾರೂ ಬರದ ಮನೆಗಳಿಗೆ ಮೊದಲು ಹೋಗುತ್ತಿದ್ದರು. ಶುಕ್ರವಾರದ ರೊಟ್ಟಿ ಯಾವ ದಾರಿಯಲ್ಲಿ ಯಾರ ಮನೆಗೆ ಹೋಗುತ್ತದೆಂದು ನಾನು ಸೊಸೆಯಾಗಿ ಬಂದು ನಾಲ್ಕು ವರ್ಷವಾದರೂ ನನಗೆ ಗೊತ್ತಿರಲಿಲ್ಲ.

ಕೇರಿ ಬರಿದಾಗುತ್ತಾ ಬಂತು. ಒಂದೊಂದೇ ಮನೆ ಬೀಗ ಹಾಕಿ ಹಡಗು ಹತ್ತಿತು. ಕೊನೆಗೆ ಶ್ಮೀನಾಳನ್ನೂ ಮಗಳು ಅಳಿಯ ಹೊಸ ದೇಶಕ್ಕೆ ಕರೆದುಕೊಂಡು ಹೋದರು. ಅಂದಿನಿಂದ ಮೀಯಿಸುವವರಿಗೆ ಅತ್ತೆಯೇ ಹಿರಿಯರು. ಅವರು ಬಂದರೆ ಜನ ಎದ್ದು ನಿಂತು ಜಾಗ ಬಿಡುತ್ತಿದ್ದರು. ಅತ್ತೆ ಕೂರುತ್ತಿದ್ದರು, ಹೌದು. ಅದರ ಬಗ್ಗೆ ಒಂದು ಮಾತೂ ಆಡಿದ್ದನ್ನು ನಾನು ಕೇಳಿಲ್ಲ.

ಒಂದು ವರ್ಷದ ಮೇಲೆ ಅಲ್ಲಿಂದ ಶ್ಮೀನಾಳ ಕಾಗದ ಬಂತು, ಮೊಮ್ಮಗನ ಕೈಯಲ್ಲಿ ಬರೆಸಿದ್ದು. ನಾನು ಓದಿ ಹೇಳಿದೆ. ಎರಡು ಕೋಣೆಯ ಮನೆ, ಮೂರನೇ ಮಹಡಿ. ಸತ್ತವರನ್ನು ಅಲ್ಲಿ ಕಚೇರಿಯವರೇ ಗಾಡಿಯಲ್ಲಿ ಒಯ್ದು, ತಮ್ಮ ಕಡೆಯ ಹೆಂಗಸರ ಕೈಯಲ್ಲೇ ಮೀಯಿಸುತ್ತಾರೆ. ಶ್ಮೀನಾ ಹೋಗಿ ಕೇಳಿದಳಂತೆ. ವಯಸ್ಸಾಯಿತು, ಮನೆಯಲ್ಲಿರಿ ಅಜ್ಜಿ ಎಂದರಂತೆ. "ಇಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ. ದಿನವಿಡೀ ಕಿಟಕಿ ಹತ್ತಿರ ಕೂತಿರುತ್ತೇನೆ" ಎಂದು ಬರೆಸಿದ್ದಳು.

ಅತ್ತೆಗೆ ಇದಕ್ಕಿಂತ ದೊಡ್ಡ ಗೆಲುವು ಬೇಕಿತ್ತೇ? ಅವರು ಕಾಗದ ಇಸಿದುಕೊಂಡು ಓದಲು ಬರದ ಆ ಅಕ್ಷರಗಳನ್ನೇ ನೋಡುತ್ತಾ ಕೂತರು. "ಆ ಕೈ ಸುಮ್ನೆ ಕೂತಿದೆಯಂತೆ" ಎಂದರು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಸಂಜೆ ನನ್ನನ್ನು ಕರೆದು, "ಬರಿ" ಎಂದರು.

ಆ ವರ್ಷ ತೀರಿಹೋದವರೆಲ್ಲರ ಹೆಸರು ಬರೆಸಿದರು, ಯಾರಿಗೆ ಹೇಗೆ ಮಾಡಿದೆವು ಎಂದು. ಕೊನೆಗೆ, "ಇನ್ನೊಂದು ಕೇಳು ಅವಳನ್ನ. ನೀರು ತುಂಬ್ಕೊಂಡು ಊದಿದ ಮೈ ಬಂದ್ರೆ ತೋಳು ಹೇಗೆ ತೊಡಿಸ್ತಿದ್ದೆ ಅಂತ. ನಂಗೆ ಗೊತ್ತಾಗ್ತಿಲ್ಲ, ಬೇಗ ತಿಳಿಸು ಅಂತ ಬರಿ."

ನಾನು ಲೇಖನಿ ನಿಲ್ಲಿಸಿದೆ. "ಅದನ್ನ ಹೋದ ತಿಂಗಳು ನೀವೇ ನನಗೆ ಹೇಳಿಕೊಟ್ರಲ್ಲ ಅತ್ತೆ."

"ಬರಿ ಅಂದ್ರೆ ಬರಿ."

ಬರೆದೆ. ಐದು ವಾರದಲ್ಲಿ ಉತ್ತರ ಬಂತು, ಎರಡೂ ಕಡೆ ತುಂಬಿದ ನಾಲ್ಕು ಹಾಳೆ.